ಕಂಬದ ಮನೆಯ ಮರುಹುಟ್ಟು

ಸತ್ತವರು ಎದ್ದು ಬಂದರೆ ಮನೆಯವರೆಲ್ಲ ಸಂತೋಷಪಡುತ್ತಾರೆ ಎಂದು ನಂಬಿದವರು ‘ಕಂಬದ ಮನಿ’ ಅಭಿಮಾನಿಗಳ ಸಭೆಗೆ ಒಮ್ಮೆಯೂ ಹೋಗಿರಲಿಕ್ಕಿಲ್ಲ. ಆ ಧಾರಾವಾಹಿಗೆ ಮತ್ತೆ ಜೀವ ಕೊಡುತ್ತೇವೆಂದು ‘ಮರುಜೀವ’ ಸಂಸ್ಥೆಯವರು ಘೋಷಿಸಿದ ದಿನವೇ ಹುಬ್ಬಳ್ಳಿಯ ಸಭಾಭವನವೊಂದರಲ್ಲಿ ಮೂರು ಕುರ್ಚಿ ಮುರಿದವು, ಒಬ್ಬನ ಕನ್ನಡಕ ಹೋಯಿತು.

ರೈಲ್ವೆ ಕ್ವಾರ್ಟರ್ಸಿನ ಹಿಂದಿನ ವಿದ್ಯುತ್ ಕಂಬದ ಮೇಲೆ ಸಂಸಾರ ಹೂಡಿದ ಕಾಗೆಗಳ ಕಾರ್ಟೂನ್ ಧಾರಾವಾಹಿ ಅದು. ಯಜಮಾನ ಕಾಳೂರಾಯ, ಹೆಂಡತಿ ಕೃಷ್ಣಕ್ಕ, ಅವರಿಗೊಂದು ಹಿಂಡು ಮಕ್ಕಳು. ಎರಡು ವರ್ಷ ಚೆನ್ನಾಗಿಯೇ ಓಡಿತು. ಮೂರನೆಯ ವರ್ಷ, ದಕ್ಷಿಣದ ಜಿಲ್ಲೆಯವರಿಗೆ ಈ ಹುಬ್ಬಳ್ಳಿ ಭಾಷೆ ತಿಳಿಯುವುದಿಲ್ಲ ಎಂದು ಚಾನೆಲ್‌ನವರು ಬೆಂಗಳೂರು ಕನ್ನಡ ಮಾತಾಡುವ ಗಿಳಿಯೊಂದನ್ನು ಅದೇ ಕಂಬಕ್ಕೆ ಬಾಡಿಗೆಗೆ ತಂದಿಟ್ಟರು. ನಾಲ್ಕನೆಯ ವರ್ಷ ಧಾರಾವಾಹಿಯನ್ನೇ ನಿಲ್ಲಿಸಿಬಿಟ್ಟರು. ಗಿಳಿ ಬಂದದ್ದರಿಂದಲೇ ನಿಂತಿತು ಎಂದಿತು ಕಾಗೆ ಬಣ. ಗಿಳಿ ಬರದಿದ್ದರೆ ಇನ್ನೂ ಮೊದಲೇ ನಿಲ್ಲುತ್ತಿತ್ತು ಎಂದಿತು ಗಿಳಿ ಬಣ. ಧಾರಾವಾಹಿ ಓಡಿದ್ದಕ್ಕಿಂತ ಹೆಚ್ಚು ಕಾಲ ಈ ಜಗಳವೇ ಓಡಿದೆ.

ಮಂದಾಕಿನಿ ಗಲಗಲಿ ಕಾಗೆ ಬಣದವಳು. ಅವಳ ಗಂಡ ಸುಧೀಂದ್ರ ಗಿಳಿ ಬಣದ ಕಾರ್ಯದರ್ಶಿ. ಗಿಳಿ ಇನ್ನೂ ಹುಟ್ಟಿರದ ಕಾಲದಲ್ಲಿ ಅಭಿಮಾನಿಗಳ ಕೂಟದಲ್ಲಿ ಭೇಟಿಯಾಗಿ ಮದುವೆಯಾದವರು. ಆಗ ಇಬ್ಬರೂ ಒಂದೇ ಮಾತಿಗೆ ನಗುತ್ತಿದ್ದರು. ಈಗ ಊಟಕ್ಕೆ ಕೂತರೆ ಹೀಗೆ:

“ಗಿಳಿ ಬಂದಮ್ಯಾಲೆ ಕಾಳೂರಾಯ ಬರೇ ಹೂಂಗುಟ್ಟಲಿಕ್ಕೆ ಹತ್ತಿದ. ಹೀರೋನ್ನ ಹೂಂಗುಟ್ಟೋನ್ನ ಮಾಡಿದ್ರಿ ನೀವು,” ಎನ್ನುತ್ತಿದ್ದಳು ಮಂದಾಕಿನಿ, ಗಿಳಿಯನ್ನು ಗಂಡನೇ ತಂದಿಟ್ಟಂತೆ.

“ಮೊದಲ ಎರಡು ವರ್ಷ ಏನಿತ್ತ? ತಿಥಿ ಊಟಾ, ವಡಿ, ಪಾಯಸಾ. ಅದನ್ನೇನ ಹಾಸ್ಯ ಅಂತಾರೇನ? ಬರೇ ಹಸಿವಿನ ಕಥಿ,” ಎನ್ನುತ್ತಿದ್ದ ಸುಧೀಂದ್ರ.

“ಹಸಿವಿ ಗೊತ್ತಿಲ್ಲದವರಿಗೆ ಹಾಸ್ಯನೂ ಗೊತ್ತಾಗೂದಿಲ್ಲ.”

“ಸಾರು ಉಪ್ಪಾಗೇದ.”

ಇಷ್ಟಕ್ಕೆ ಮಾತು ಮುಗಿದರೆ ಆ ದಿನ ಶಾಂತಿಯಿಂದ ಕಳೆಯಿತು ಎಂದು ಲೆಕ್ಕ. ಸುಧೀಂದ್ರನ ತಾಯಿ ತುಂಗಾಬಾಯಿ ಇವರ ನಡುವೆ ಕೂತು ಮಾತಿಲ್ಲದೆ ಉಣ್ಣುತ್ತಿದ್ದಳು. ಅವಳು ಆ ಧಾರಾವಾಹಿಯನ್ನು ಒಮ್ಮೆಯೂ ನೋಡಿದವಳಲ್ಲ. ಕಾಗೆಗಳ ಕಾರ್ಟೂನು ಶುರುವಾದರೆ ಮಗ ಎದ್ದು ಕೋಣೆಯ ಬಾಗಿಲು ಹಾಕಿಕೊಂಡು ಬರುತ್ತಿದ್ದ. ಅವ್ವನೆದುರು ಕಾಗೆಯ ಹೆಸರು ಎತ್ತಬಾರದೆಂಬುದು ಆ ಮನೆಯ ಕಾಯಿದೆ.

ಅದಕ್ಕೆ ಕಾರಣ ಇತ್ತು. ಸುಧೀಂದ್ರನ ತಂದೆ ಶಾಮರಾಯರು ತೀರಿಕೊಂಡ ಹತ್ತನೆಯ ದಿನ ಹೊಳೆಯ ದಂಡೆಯಲ್ಲಿ ಇಟ್ಟ ಪಿಂಡವನ್ನು ಕಾಗೆ ಮುಟ್ಟಲಿಲ್ಲ. ಎದುರಿನ ಮರದಲ್ಲಿ ಕಾಗೆಗಳು ಕೂತಿದ್ದವು, ಇಳಿಯಲಿಲ್ಲ. ಸತ್ತವರಿಗೆ ಏನೋ ಆಸೆ ಉಳಿದಿದೆ, ಯಾರಾದರೂ ಅದನ್ನು ನಡೆಸಿಕೊಡುತ್ತೇವೆಂದು ಮಾತು ಕೊಟ್ಟರೆ ಕಾಗೆ ಬರುತ್ತದೆ ಎಂದರು ಹಿರಿಯರು. ತಮ್ಮನ ಸಂಗಡ ವ್ಯಾಜ್ಯ ಬಿಡುತ್ತೇನೆ ಎಂದ ಒಬ್ಬ. ತಂಗಿಯ ಮಗಳ ಲಗ್ನ ಮಾಡುತ್ತೇನೆ ಎಂದ ಇನ್ನೊಬ್ಬ. ಬಿಸಿಲು ನೆತ್ತಿಗೇರಿತು. ಮಾತು ಕೊಡುವವರು ಮುಗಿದರು, ಕೊನೆಗೆ ಎಲ್ಲರ ಕಣ್ಣೂ ತುಂಗಾಬಾಯಿಯ ಕಡೆ ಹೊರಳಿತು. ಅವಳು ತುಟಿ ಬಿಚ್ಚಲಿಲ್ಲ. ದರ್ಭೆಯ ಕಾಗೆ ಮಾಡಿ ಮುಟ್ಟಿಸಿ ಎದ್ದು ಬಂದರು. ಆ ದಿನದಿಂದ ಅವಳು ಅಂಗಳಕ್ಕೆ ಕಾಗೆ ಬಂದರೆ ಒಳಗೆ ಹೋಗುತ್ತಿದ್ದಳು.

ಇನ್ನು ಯಂತ್ರದ ಮಾತು. ಮಂದಾಕಿನಿ ಕೆಲಸ ಮಾಡುತ್ತಿದ್ದದ್ದು ಮರುಜೀವ ಸಂಸ್ಥೆಯ ಅಳತೆ ಕೋಣೆಯಲ್ಲಿ. ಎದೆಗೂಡಿನ ಕೆಳಗೆ ಅಂಟಿಸುವ ನಾಣ್ಯದಗಲದ ಒಂದು ನಗೆಗುಂಡಿ ಅವರ ಬಂಡವಾಳ. ನಗು ಬಾಯಿಗೆ ಬರುವ ಮೊದಲು ಎದೆಗೂ ಹೊಟ್ಟೆಗೂ ನಡುವಿನ ವಪೆ ಒಮ್ಮೆ ಜಗ್ಗುತ್ತದೆ. ಗುಂಡಿ ಆ ಜಗ್ಗನ್ನು ಹಿಡಿದು ಯಂತ್ರಕ್ಕೆ ಹೇಳುತ್ತದೆ. ಜಗ್ಗಿದ ಕ್ಷಣದಲ್ಲಿ ಪರದೆಯ ಮೇಲೆ ಏನಿತ್ತೋ ಅದನ್ನು ಯಂತ್ರ ಕತ್ತರಿಸಿ ತೆಗೆದಿಟ್ಟುಕೊಳ್ಳುತ್ತದೆ. ಹಾಗೆ ಲಕ್ಷ ನಗು ಕೂಡಿಸಿಕೊಂಡ ಮೇಲೆ, ಜನ ಯಾವುದಕ್ಕೆ ನಗುತ್ತಾರೋ ಅದನ್ನೇ ಹೆಣೆದು ಹೊಸ ಕಂತು ತಯಾರಿಸುತ್ತದೆ. ಬರೆಯುವವರು ಬೇಕಿಲ್ಲ, ಚಿತ್ರ ಬಿಡಿಸುವವರೂ ಬೇಕಿಲ್ಲ.

ಕಾಗೆ ಬಣ, ಗಿಳಿ ಬಣ ಎರಡೂ ಪೈಪೋಟಿಯಲ್ಲಿ ಗುಂಡಿ ಅಂಟಿಸಿಕೊಂಡು ಹಳೆಯ ಕಂತುಗಳನ್ನೆಲ್ಲ ನೋಡಿ ನಕ್ಕವು. ತಮ್ಮ ನಗು ಹೆಚ್ಚಾದರೆ ಹೊಸ ಕಾಲದ ಕಂಬ ತಮ್ಮದಾಗುತ್ತದೆ ಎಂಬ ಆಸೆ. ಹಲ್ಲು ಕಚ್ಚಿಕೊಂಡು ನಕ್ಕವರೂ ಇದ್ದರು.

ಹೊಸ ಕಂತು ತಯಾರಾಯಿತು. ಸಂಸ್ಥೆಯ ದೊಡ್ಡ ಹಾಲಿನಲ್ಲಿ ಎರಡೂ ಬಣದವರನ್ನು ಎಡಕ್ಕೆ ಬಲಕ್ಕೆ ಕೂಡಿಸಿ, ನಡುವೆ ಹಗ್ಗ ಕಟ್ಟಿ ತೋರಿಸಿದರು. ಮಂದಾಕಿನಿ ಗಾಜಿನ ಹಿಂದೆ ಅಳತೆ ಕೋಣೆಯಲ್ಲಿದ್ದಳು. ಪಕ್ಕದಲ್ಲಿ ಸಂಸ್ಥೆಯ ಮುಖ್ಯಸ್ಥ, ಬೆಂಗಳೂರಿನ ಡಾಕ್ಟರ್ ಚೇತನ್ ಹೆಬ್ಬಾರ್.

ಪರದೆಯ ಮೇಲೆ ಕಂಬ ಬಂತು. ಕಾಳೂರಾಯ ತಲೆ ಓರೆ ಮಾಡಿದ. ಹಾಲ್ ನಕ್ಕಿತು. ಕೊಕ್ಕು ತೆರೆದ. ಹಾಲ್ ಬಿದ್ದು ಬಿದ್ದು ನಕ್ಕಿತು. ತೆರೆದ ಕೊಕ್ಕಿನಿಂದ ಏನು ಬರುತ್ತದೋ ಎಂದು ಮಂದಾಕಿನಿ ಕಾದಳು. ಏನೂ ಬರಲಿಲ್ಲ. ದೃಶ್ಯ ಬದಲಾಯಿತು. ಕೃಷ್ಣಕ್ಕ ಗಂಡನ ಕಡೆ ತಿರುಗಿ ಕಣ್ಣು ಕಿರಿದು ಮಾಡಿದಳು, ಹಾಲ್ ಮತ್ತೆ ನಕ್ಕಿತು, ಅವಳೂ ಏನೂ ಅನ್ನಲಿಲ್ಲ. ಗಿಳಿ ಬಂತು, ರೆಕ್ಕೆ ಕೊಡವಿತು, ಗಂಟಲು ಸರಿಮಾಡಿಕೊಂಡಿತು, ಬಲಗಡೆಯವರು ಚಪ್ಪಾಳೆ ತಟ್ಟಿದರು, ಗಿಳಿ ಹೋಯಿತು. ಇಡೀ ಕಂತು ಹೀಗೆಯೇ. ಒಬ್ಬರೂ ಒಂದು ಮಾತು ಪೂರ್ತಿ ಆಡಲಿಲ್ಲ.

“ಇದಕ್ಕಿಂತ ಜಾಸ್ತಿ ನಗು ನಾನು ನೋಡೇ ಇಲ್ಲ ಮೇಡಂ,” ಎಂದರು ಹೆಬ್ಬಾರ್, ಜನರ ನಗೆಗುಂಡಿಗಳು ಯಂತ್ರದಲ್ಲಿ ಬರೆದ ಗೆರೆಗಳು ಮೇಲೇರಿದ್ದನ್ನು ತೋರಿಸುತ್ತ.

“ಸರ್, ಅದರೊಳಗ ಒಂದೂ ಜೋಕ್ ಇಲ್ಲ.”

“ಇಲ್ದೇ ಐನೂರು ಜನ ನಗ್ತಾರಾ?”

ನಗುತ್ತಾರೆ. ಮಂದಾಕಿನಿಗೆ ಈಗ ಹೊಳೆಯಿತು. ಒಂದೇ ಕಂತನ್ನು ನೂರು ಸಲ ನೋಡಿದವರ ನಗು ಮಾತಿಗಾಗಿ ಕಾಯುವುದಿಲ್ಲ. ಕಾಳೂರಾಯ ಕೊಕ್ಕು ತೆರೆದರೆ ಸಾಕು, ಮುಂದಿನದು ಬಾಯಿಪಾಠ, ನಗು ಮೊದಲೇ ಉಕ್ಕಿ ಮುಗಿದಿರುತ್ತದೆ. ಯಂತ್ರ ಕಂಡದ್ದು ಅಷ್ಟೇ. ಕೊಕ್ಕು ತೆರೆದಾಗ ಜನ ನಗುತ್ತಾರೆ, ಮಾತಾಡಿದಾಗ ನಗು ನಿಲ್ಲುತ್ತದೆ. ಆದ್ದರಿಂದ ಮಾತು ನಗುವಿಗೆ ಕೇಡು ಎಂದು ತೀರ್ಮಾನಿಸಿ ಅದನ್ನು ಕಿತ್ತು ಹಾಕಿತ್ತು.

ಅವಳು ಹಾಲಿಗೆ ಓಡಿದಳು. ಹಗ್ಗ ಬಿದ್ದಿತ್ತು. ಎರಡೂ ಬಣದವರು ಮೊದಲ ಬಾರಿಗೆ ಒಬ್ಬರನ್ನೊಬ್ಬರು ಅಪ್ಪಿಕೊಂಡಿದ್ದರು. ಸುಧೀಂದ್ರ ಕಣ್ಣೊರೆಸಿಕೊಳ್ಳುತ್ತಿದ್ದ.

“ಒಂದ ಜೋಕ್ ಹೇಳ್ರಿ,” ಎಂದಳು ಅವನ ಎದುರು ನಿಂತು. “ಈಗ ನೋಡಿದ್ರಲ್ಲ, ಅದರಾಗಿಂದು ಒಂದ.”

“ಹಿಂಗೆಲ್ಲಾ ಬಿಡಿಸಿ ಹೇಳಲಿಕ್ಕೆ ಬರೂದಿಲ್ಲ ಮಂದಾ. ಅದೊಂದು ಧಾಟಿ ಇರ್ತದ.”

“ಕಾಳೂರಾಯ ಏನಂದ? ಅದನ್ನ ಹೇಳ್ರಿ.”

ಅವನ ಬಾಯಿ ತೆರೆಯಿತು, ಹಾಗೆಯೇ ಉಳಿಯಿತು. ಆಮೇಲೆ ಸಿಟ್ಟು ಬಂತು. “ನಿನಗ ಹೊಟ್ಟಿಕಿಚ್ಚು. ನಿಮ್ಮ ಕಾಗಿ ಬಣಾ ಒಂದ ಗೆಲ್ಲಲಿಲ್ಲಂತ ಎಲ್ಲಾರ ಸಂತೋಷಕ್ಕೂ ಮಣ್ಣು ಹಾಕ್ಲಿಕ್ಕೆ ಬಂದಿ!”

ಕಾಗೆ ಬಣದವರೂ ಅವಳ ಮೇಲೆ ತಿರುಗಿಬಿದ್ದರು. ಹೊಸದು ಬರುವುದನ್ನು ತಡೆಯುವವಳು, ದ್ರೋಹಿ, ಸಂಬಳ ತಿಂದು ಸಂಸ್ಥೆಗೇ ಎರಡು ಬಗೆಯುವವಳು ಎಂದರು. ಇಷ್ಟು ಕಾಲ ಕೂಡಿ ಕಾದಾಡಿದ ಗೆಳತಿಯೊಬ್ಬಳು “ನಿನಗ ಹಾಸ್ಯನ ಗೊತ್ತಾಗೂದಿಲ್ಲ ತಗೀ” ಎಂದಳು. ಮಂದಾಕಿನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದೇ.

ಬೈಗುಳವಷ್ಟೇ ಆಗಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳು. ಆದರೆ ಚಾನೆಲ್‌ನವರ ಕರಾರು ಇತ್ತು: ಹೊಸ ಕಂತುಗಳು ಶುರುವಾದ ದಿನ ಹಳೆಯವಕ್ಕೆ ಬೀಗ. ಒಂದೇ ಹೆಸರಿನಲ್ಲಿ ಎರಡು ಅಂಗಡಿ ನಡೆಸಲು ಅವರಿಗೆ ಇಷ್ಟವಿರಲಿಲ್ಲ. ಮನೆಯಲ್ಲಿ ಪ್ರತಿ ಇಟ್ಟುಕೊಳ್ಳುವ ಕಾಲ ಹೋಗಿ ಎಷ್ಟೋ ದಿನವಾಗಿತ್ತು. ನೋಡುವುದೆಲ್ಲ ಚಾನೆಲ್‌ನಿಂದ ತಂತಿಯಲ್ಲಿ ಬರಬೇಕು, ಅಲ್ಲಿ ಬೀಗ ಬಿದ್ದರೆ ಲೋಕದಲ್ಲೆಲ್ಲೂ ಇಲ್ಲ. ಕೊಕ್ಕು ತೆರೆದು ಸುಮ್ಮನಾಗುವ ಕಾಗೆ ಉಳಿಯುತ್ತದೆ, ಮಾತಾಡುವ ಕಾಗೆ ಹೋಗುತ್ತದೆ.

ಹೆಬ್ಬಾರ್ ಕೆಟ್ಟ ಮನುಷ್ಯರಲ್ಲ. ಅಳತೆಯಲ್ಲಿ ಕಾಣದ್ದನ್ನು ನಂಬಲಾರದವರು, ಅಷ್ಟೇ. ಅವಳ ಕಾಟ ತಾಳಲಾರದೆ ಕೊನೆಗೆ ಒಪ್ಪಿದರು. “ಈ ಧಾರಾವಾಹಿ ಒಂದ್ಸಲಾನೂ ನೋಡಿರದ ಒಬ್ಬರನ್ನ ಕರ್ಕೊಂಡ್ ಬನ್ನಿ. ಭಾಷೆ ಮಾತ್ರ ಇಲ್ಲೀದೇ ಆಗಿರ್ಬೇಕು. ಹೊಸದು ತೋರಿಸೋಣ, ಹಳೇದ್ರಲ್ಲಿ ಅತಿ ಹೆಚ್ಚು ನಗು ಬಿದ್ದಿರೋ ಕಂತನ್ನೂ ತೋರಿಸೋಣ. ಅವರು ಹಳೇದಕ್ಕೆ ನಕ್ಕು ಹೊಸದಕ್ಕೆ ನಗದಿದ್ರೆ ಹೊಸದನ್ನ ತಡೆದು ಬೀಗ ನಿಲ್ಲಿಸ್ತೀನಿ, ಯಂತ್ರಾನ ಮತ್ತೆ ಮೊದಲಿಂದ ಕಲಿಸೋಣ. ಎರಡಕ್ಕೂ ಒಂದೇ ಅಂತ ಬಂದ್ರೆ ನನ್ನ ತಲೆ ತಿನ್ಬಾರ್ದು.”

ಊರಿಡೀ ಹುಡುಕಿದಳು. ಕಂಬದ ಮನಿ ನೋಡದವರು ಹುಬ್ಬಳ್ಳಿಯಲ್ಲಿ ಯಾರಿದ್ದಾರೆ? ಒಬ್ಬಳೇ ಒಬ್ಬಳು, ಅದೂ ತನ್ನ ಮನೆಯಲ್ಲೇ ಇದ್ದಳು. ಅತಿ ಹೆಚ್ಚು ನಗು ಬಿದ್ದ ಕಂತು ಯಾವುದೆಂದೂ ಮಂದಾಕಿನಿಗೆ ಗೊತ್ತಿತ್ತು. ‘ಹತ್ತನೆ ದಿನ’. ಕಾಳೂರಾಯ ಒಂದು ಮನೆಯವರ ಪಿಂಡ ಮುಟ್ಟದೆ ಗೋಡೆಯ ಮೇಲೆ ಕೂತುಬಿಡುವ ಕಂತು. ಎರಡೂ ಬಣ ತಕರಾರಿಲ್ಲದೆ ಒಪ್ಪಿದ ಏಕೈಕ ಕಂತು ಅದು. ಮಾಡಹೊರಟಿರುವುದು ನೀಚ ಕೆಲಸ ಎಂದು ತಿಳಿದೇ ಮಂದಾಕಿನಿ ಮಾಡಿದಳು. ಗಂಡನಿಗೆ ಹೇಳಲಿಲ್ಲ.

“ನಮ್ಮ ಆಫೀಸ್ ನೋಡ್ಲಿಕ್ಕೆ ಬರ್ರಿ ಅತ್ಯಾ,” ಎಂದಳು.

“ನಿಮ್ಮ ಆಫೀಸಿನಾಗ ನಂದೇನ ಕೆಲಸಾ?” ಎನ್ನುತ್ತಲೇ ತುಂಗಾಬಾಯಿ ಇಳಕಲ್ ಸೀರೆ ಉಟ್ಟು ಹೊರಟಳು. ಸೊಸೆ ಹೊರಗೆ ಕರೆದು ಎಷ್ಟೋ ಕಾಲವಾಗಿತ್ತು.

ಗುಂಡಿ ಅಂಟಿಸಿ, ಮೆತ್ತನೆಯ ಕುರ್ಚಿಯಲ್ಲಿ ಕೂಡಿಸಿದರು. ಮೊದಲು ಹೊಸ ಕಂತು. ಪರದೆಯ ಮೇಲೆ ಕಾಗೆ ಕಂಡದ್ದೇ ಮುದುಕಿ ಸೊಸೆಯ ಕಡೆ ಒಮ್ಮೆ ನೋಡಿದಳು. ಆ ನೋಟಕ್ಕೆ ಮಂದಾಕಿನಿ ನೆಲ ನೋಡಿದಳು. ಎದ್ದು ಹೋಗಿಬಿಡುತ್ತಾಳೆ ಎಂದುಕೊಂಡರೆ, ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು: “ಬಾಯಿ ತಕ್ಕೊಂಡು ಕೂತದಲ್ಲ, ಏನರ ಅಂತದೋ ಇಲ್ಲೋ ಅದು?”

ಗೆರೆ ಅಲುಗಲಿಲ್ಲ. ಹೆಬ್ಬಾರ್ ಹುಬ್ಬೇರಿಸಿದರು. ಮಂದಾಕಿನಿಯ ಎದೆ ಹಗುರಾಯಿತು. ಅರ್ಧ ಗೆದ್ದಂತಾಯಿತಲ್ಲ.

ಆಮೇಲೆ ‘ಹತ್ತನೆ ದಿನ’. ಗೋಡೆಯ ಮೇಲೆ ಕಾಳೂರಾಯ, ಕೆಳಗೆ ಬಾಳೆಯೆಲೆಯಲ್ಲಿ ಪಿಂಡ, ಸುತ್ತ ಮನೆಯವರು. ಒಬ್ಬೊಬ್ಬರೂ ಕೈ ಮುಗಿದು ಮಾತು ಕೊಡುತ್ತಾರೆ. ಮೈದುನ ಕದ್ದ ಹಿತ್ತಾಳೆ ಹಂಡೆ ವಾಪಸು ಕೊಡುತ್ತೇನೆ ಎನ್ನುತ್ತಾನೆ. ಅಳಿಯ ಸಿಗರೇಟು ಬಿಡುತ್ತೇನೆ ಎನ್ನುತ್ತಾನೆ. ಯಾರೂ ಕೇಳದಿದ್ದರೂ ಪುರೋಹಿತ ತನ್ನ ತಪ್ಪೊಂದನ್ನು ಒಪ್ಪಿಕೊಳ್ಳುತ್ತಾನೆ. ಕಾಗೆ ಕದಲುವುದಿಲ್ಲ. ಕಂಬದ ಮೇಲಿನಿಂದ ಕೃಷ್ಣಕ್ಕ ಕೂಗುತ್ತಾಳೆ: “ಪಾಪ, ಅಳ್ಲಿಕ್ಕೆ ಹತ್ಯಾರ, ಮುಟ್ಟರೆ ಮುಟ್ಟರಿ!” ಕಾಳೂರಾಯ ಕೊಕ್ಕು ತೆರೆಯುತ್ತಾನೆ: “ಹೆಂಗ ಮುಟ್ಟಲೇ? ಹಿಂದಿನ ಓಣ್ಯಾಗ ಐದು ಹೋಳಿಗಿ ತಿಂದೇನಿ. ಹೊಟ್ಟಿ ಬಿರೀಲಿಕ್ಕೆ ಹತ್ತೇದ.”

ಗಾಜಿನ ಹಿಂದೆ ಕೆಲಸದವರೆಲ್ಲ ಅವನು ಕೊಕ್ಕು ತೆರೆದಾಗಲೇ ನಕ್ಕು ಮುಗಿಸಿದ್ದರು. ತುಂಗಾಬಾಯಿ ನಗಲಿಲ್ಲ. ಗೆರೆ ಹಾಸಿದ ಹಗ್ಗದಂತೆ ಬಿದ್ದಿತ್ತು.

“ಎರಡೂ ಸೊನ್ನೆ ಮೇಡಂ. ಅಂದ್ರೆ ಎರಡೂ ಒಂದೇ,” ಎಂದರು ಹೆಬ್ಬಾರ್.

“ಇನ್ನೊಂದು ಸ್ವಲ್ಪ ತಡೀರಿ ಸರ್.”

“ಮಾತು ಮುಗಿದು ಮೂರು ಸೆಕೆಂಡಾದ್ರೆ ಯಂತ್ರ ಅದನ್ನ ಲೆಕ್ಕಕ್ಕೇ ತಗೊಳಲ್ಲ. ನಿಮಗೂ ಗೊತ್ತಲ್ಲ.”

ಅಂದೇ ಸಂಜೆ ಹೊಸ ಕಂತು ಶುರುವಾಯಿತು, ಹಳೆಯವಕ್ಕೆ ಬೀಗ ಬಿತ್ತು.

ಸುಧೀಂದ್ರನಿಗೆ ವಿಷಯ ತಿಳಿದದ್ದು ಅಭಿಮಾನಿಗಳ ಬಾಯಿಂದ. ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಕೂಗಾಡಿದ. “ನಮ್ಮವ್ವನ್ನ ಇಲಿ ಮಾಡಿದೇನ ನೀ? ಅಪ್ಪನ ಪಿಂಡದ ನೆನಪು ತೆಗದು, ಹೊಟ್ಟಿಗೆ ಯಂತ್ರಾ ಹಚ್ಚಿ, ನಗ್ತಾಳೋ ಇಲ್ಲೋ ಅಂತ ನೋಡಿದೇನ?”

“ಹೌದು, ನೋಡಿದೆ! ನೀವು ಐನೂರು ಮಂದಿ ಏನೂ ಇಲ್ಲದ್ದಕ್ಕ ನಕ್ಕು ಅದನ್ನ ಕೊಂದ್ರಿ. ನಾ ಉಳಸ್ಲಿಕ್ಕೆ ನೋಡಿದೆ.”

“ಒಂದು ಕಾರ್ಟೂನ್ ಸಲುವಾಗಿ!”

“ಕಾರ್ಟೂನ್ ಸಲುವಾಗಿ ನನ್ನ ಸಂಗಡ ಇಷ್ಟು ವರ್ಷ ಜಗಳಾಡಿದವರು ಯಾರು?”

ಅವನು ಇನ್ನೂ ಜೋರಾಗಿ ಬೈದ. ಅವಳು ಬಾಗಿಲು ಬಡಿದುಕೊಂಡು ಒಳಗೆ ಹೋದಳು. ನಾಚಿಕೆಯಾಗುತ್ತಿತ್ತು, ಅದನ್ನು ಅವನೆದುರು ತೋರಿಸಿಕೊಳ್ಳುವುದು ಸಾಧ್ಯವಿರಲಿಲ್ಲ.

ಮರುದಿನ ರವಿವಾರ. ತುಂಗಾಬಾಯಿ ಹಿತ್ತಲಿನಲ್ಲಿ ಹುಣಸೆಹಣ್ಣು ಹರಡಿಕೊಂಡು ಬೀಜ ಬಿಡಿಸುತ್ತಿದ್ದಳು. ಗಂಡ ಪಡಸಾಲೆಯಲ್ಲಿ, ಹೆಂಡತಿ ಅಡಿಗೆಮನೆಯಲ್ಲಿ, ಇಬ್ಬರ ಮುಖವೂ ಗೋಡೆಗೆ. ಹಿತ್ತಲಿನಿಂದ ಒಂದು ಸದ್ದು ಬಂತು. ಕೆಮ್ಮೋ, ಅಳುವೋ ತಿಳಿಯಲಿಲ್ಲ. ಇಬ್ಬರೂ ಎದ್ದು ಓಡಿದರು.

ಮುದುಕಿ ನಗುತ್ತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರೂ ನಿಲ್ಲುತ್ತಿರಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹುಣಸೆಯ ಕೈಯಿಂದ ಒರೆಸಿಕೊಂಡು ಕಣ್ಣು ಉರಿದು ಮತ್ತೂ ನಕ್ಕಳು. “ಐದು ಹೋಳಿಗಿ!” ಎಂದಳು. “ಹೊಟ್ಟಿ ತುಂಬಿತ್ತಂತ! ಎಲಾ ಇದರ!”

ಮಂದಾಕಿನಿ ಅವಳ ಪಕ್ಕ ಕುಸಿದು ಕೂತಳು. ನಿನ್ನೆ ಈ ನಗು ಬಂದಿದ್ದರೆ ಎಂದು ಮನಸ್ಸಿನಲ್ಲಿ ಬಂದದ್ದಕ್ಕೆ ತನ್ನನ್ನೇ ಬೈದುಕೊಂಡಳು.

ನಗು ತಾನಾಗಿ ಇಳಿಯಿತು. ಅದರ ಬೆನ್ನಿಗೇ ಸಿಟ್ಟು ಏರಿತು. “ಅವರು ಹೋಗೂ ಹಿಂದಿನ ದಿನಾ ಮಿರ್ಚಿ ಭಜಿ ಕೇಳಿದ್ರು. ಡಾಕ್ಟರು ಎಣ್ಣಿ ಬ್ಯಾಡ ಅಂದಿದ್ರು, ನಾ ಕರದು ಕೊಡ್ಲಿಲ್ಲ. ಬೈದು ಮಲಗಿಸಿದೆ. ಹೊಳಿ ದಂಡಿಮ್ಯಾಲೆ ಎಲ್ಲಾರೂ ನನ್ನ ಮಾರಿ ನೋಡಿದಾಗ ಹೆಂಗ ಹೇಳಲಿ? ಗಂಡಗ ಭಜಿ ಕೊಡದ ಕೊಂದೆ ಅಂತ ಹೇಳಲೇನ? ಅದಕ್ಕ ಕಾಗಿ ಬರಲಿಲ್ಲ ಅಂತ ಇವತ್ತಿನ ತನಕಾ ತಿಳಕೊಂಡೇನಿ.”

“ಅವ್ವಾ, ನಮಗ ಹೇಳಬೇಕಿತ್ತಲ್ಲ,” ಎಂದ ಸುಧೀಂದ್ರ.

“ನಿಮಗ?” ಅವಳು ಕೈಯಲ್ಲಿದ್ದ ಹುಣಸೆಯ ನಾರನ್ನು ಅವನ ಕಡೆ ಎಸೆದಳು. “ಕದಾ ಹಾಕ್ಕೊಂಡು ಒಳಗ ಕೂತು ಹೀ ಹೀ ಅಂತಿದ್ರಿ ಇಬ್ಬರೂ. ಕಾಗಿ ಹೊಟ್ಟಿ ತುಂಬಿತ್ತಂತ ನಿಮಗ ಗೊತ್ತಿತ್ತು. ನಾ ಹೊರಗ ಕೂತು ಸಾಯ್ಲಿಕ್ಕೆ ಹತ್ತಿದ್ದೆ. ಒಂದಿನಾ, ಒಂದ ದಿನಾ ಕದಾ ತಗದು ಕರೀಲಿಲ್ಲಲ್ಲೋ! ಕಾಳೂರಾಯ ಛಲೋ, ಗಿಳಿ ಛಲೋ ಅಂತ ಉಣ್ಣುವಾಗ ಬಡದಾಡಿದ್ರಿ. ಆ ಮಾತು ಮಾತ್ರ ನನಗ ಯಾರೂ ಹೇಳಲಿಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಹಚ್ಚರಿ ಅದನ್ನ. ಇನ್ನೊಮ್ಮೆ ನೋಡ್ತೀನಿ.”

ಮಂದಾಕಿನಿ ಗಂಡನ ಮುಖ ನೋಡಿದಳು, ಅವನು ಅವಳದು ನೋಡಿದ. ಕೊನೆಗೆ ಅವಳೇ ಹೇಳಿದಳು. “ಇಲ್ಲ ಅತ್ಯಾ. ಹಳೇದು ಹೋತು. ಇನ್ನ ಬಾಯಿ ತಕ್ಕೊಂಡು ಕೂಡೂ ಕಾಗಿ ಒಂದ ಅದ.”

“ಆ ಮೂಕ ಕಾಗಿ ನನಗ್ಯಾಕ?” ಎಂದಳು ತುಂಗಾಬಾಯಿ. ಬೀಜದ ಬುಟ್ಟಿ ಸರಿಸಿ, ಕಾಲು ಮಡಚಿ ಕೂತಳು. “ನಿಮಗ ಬಾಯಿಪಾಠ ಅದ ಹೌದಿಲ್ಲೋ? ಹೇಳ್ರಿ. ಮೊದಲಿಂದ ಹೇಳ್ರಿ.”

ಸುಧೀಂದ್ರ ಎದುರು ಕೂತ. “ಒಂದು ಗ್ವಾಡಿಮ್ಯಾಲೆ ಕಾಳೂರಾಯ ಕೂತಿರ್ತಾನ,” ಎಂದು ಶುರುಮಾಡಿದ. ಅಷ್ಟರಲ್ಲೇ ಅವನಿಗೆ ನಗು ಬಂತು. ಅವನ ನಗು ಕಂಡು, ಸಿಟ್ಟಿನಲ್ಲಿದ್ದ ಮಂದಾಕಿನಿಗೂ ತಡೆಯಲಾಗಲಿಲ್ಲ. ಕಾಗೆ ಇನ್ನೂ ಒಂದು ಮಾತೂ ಆಡಿರಲಿಲ್ಲ.

ತುಂಗಾಬಾಯಿ ನೆಲಕ್ಕೆ ಕೈ ಬಡಿದಳು. “ಬಾಯಿ ಮುಚ್ಚರಿ ಇಬ್ಬರೂ! ನಗೂದು ನಿಮ್ಮದಲ್ಲ, ನಂದು. ನೀವು ಹೇಳ್ರಿ.”

ಮಂದಾಕಿನಿ ತುಟಿ ಕಚ್ಚಿ ಹಿಡಿದು, ಗಂಡನನ್ನು ಮೊಣಕೈಯಿಂದ ಆಚೆ ತಳ್ಳಿ, ಮೊದಲಿನಿಂದ ಹೇಳತೊಡಗಿದಳು.